ಹದಿನಾಲ್ಕನೇ ಸ್ಲೈಡು

ನಾಳೆ ಹನ್ನೊಂದಕ್ಕೆ ಸಂದರ್ಶನ.
ಕಂಪನಿ ಪುಣೆಯದು, ಸಿಕ್ಕರೆ ಕೆಲಸ ಇಲ್ಲಿಂದಲೇ.
ಕೌಲ್ ಬಜಾರಿನ ಈ ಕೋಣೆಯಲ್ಲಿ
ಕ್ಯಾಮೆರಾಕ್ಕೆ ತೋರಿಸುವಂಥದ್ದು ಒಂದೇ ಗೋಡೆ.
ಮೊಳೆ ಕಿತ್ತೆ, ಕ್ಯಾಲೆಂಡರನ್ನು ಮಂಚದಡಿ ತಳ್ಳಿದೆ,
ಹಲ್ಲಿ ಮಾತ್ರ ಜಗ್ಗಲಿಲ್ಲ.

ವೈಟ್‌ಬೋರ್ಡ್ ಇಲ್ಲ.
ಎರಡು ಮೀಟರು ಜೀನ್ಸ್ ಬಟ್ಟೆ, ಬಣ್ಣ ಕೆಟ್ಟು ತಿರಸ್ಕಾರವಾದದ್ದು,
ಬಾಗಿಲಿಗೆ ಇಳಿಬಿಟ್ಟು ದರ್ಜಿಯ ಚಾಕಿನಲ್ಲಿ ಬರೆದೆ:
ಸಾವಿರ ಅಂತಸ್ತಿನ ಕಟ್ಟಡಕ್ಕೊಂದು ಲಿಫ್ಟ್ ವಿನ್ಯಾಸ ಮಾಡಿ.
ಸಮಯ, ನಲವತ್ತೈದು ನಿಮಿಷ.

ನಾನು ಲಿಫ್ಟ್ ಹತ್ತಿದ್ದು ಆರೇಳು ಸಲ,
ಎಲ್ಲವೂ ದೊಡ್ಡಾಸ್ಪತ್ರೆಯಲ್ಲಿ.
ಸ್ಟೂಲಿನ ಮೇಲೆ ಕೂತವನೊಬ್ಬ
ಎಲ್ಲಿಗೆಂದು ಕೇಳದೆ, ಮುಖ ನೋಡಿ ಗುಂಡಿ ಒತ್ತುತ್ತಿದ್ದ.
ಹೆರಿಗೆ ಎರಡು, ಮೂಳೆ ಮೂರು.
ಒಮ್ಮೆಯೂ ತಪ್ಪಿದ್ದಿಲ್ಲ.
ಇದನ್ನು ಅವರಿಗೆ ಹೇಳಬಹುದೆ?
ಬರೆದೆ, ಒರೆಸಿದೆ, ಅಂಗೈಯೆಲ್ಲ ಬಿಳಿ.

ಇಂದು ರಾತ್ರಿಯ ಸಂದರ್ಶಕಿ ಹುಲಿಗೆಮ್ಮತ್ತೆ.
ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ,
ಅಕ್ಷರಕ್ಕೆ ಬೆರಳಿಟ್ಟು ಓದುತ್ತಾಳೆ.
ತೊಡೆಯ ಮೇಲೆ ಪ್ಯಾಂಟು, ಕೈಯಲ್ಲಿ ಪುಟ್ಟ ಕತ್ತರಿ,
ಉಗುರಿನ ಸಂದಿಗೆ ಇಳಿದ ನೀಲಿ.
ಉಳಿದ ದಾರ ಕತ್ತರಿಸಿದರೆ ಪೀಸಿಗೆ ಒಂದೂಕಾಲು ರೂಪಾಯಿ.

“ನಿಮ್ಮ ಬಗ್ಗೆ ಹೇಳಿರಿ.”
ನನ್ನ ಹೆಸರು ಮಾರೆಕ್ಕ, ಅನ್ನುವಷ್ಟರಲ್ಲಿ
“ಅದು ಗೊತ್ತೈತಿ, ಮುಂದಿಂದು ಹೇಳು.”

“ನೀವು ಸೋತ ಒಂದು ಕೆಲಸ ಹೇಳಿರಿ.”
ಇದು ಬಾಯಿಪಾಠ.
ಎರಡು ವರ್ಷದ ಹಿಂದೆ ನಾನೊಂದು ಆ್ಯಪ್ ಮಾಡಿದೆ,
ಯರಿಸ್ವಾಮಿಯ ಯೂನಿಟ್ಟಿನ ಹೆಂಗಸರು
ಮುಗಿಸಿದ ಪೀಸು ಎಣಿಸಿಕೊಳ್ಳಲಿಕ್ಕೆ.
ದೊಡ್ಡ ಹಸಿರು ಗುಂಡಿ, ಒತ್ತಿದರೆ ಒಂದು.
ಇಪ್ಪತ್ತಾರು ಫೋನಿಗೆ ನಾನೇ ಹಾಕಿಕೊಟ್ಟೆ.
ಹದಿನೈದು ದಿನಕ್ಕೆ ಒತ್ತುವವರು ಒಬ್ಬರೂ ಇಲ್ಲ.
ಹತ್ತು ಪೀಸಿಗೊಂದು ಗಂಟು, ಬಿಳಿ ದಾರಕ್ಕೆ,
ಮೊದಲಿನ ಹಾಗೇ.

ಹದಿನಾಲ್ಕನೇ ಸ್ಲೈಡು. ಕಲಿತ ಪಾಠ:
ಕೈ ಬಿಡುವಿಲ್ಲದವರಿಗೆ ಪರದೆ ಭಾರ.
ಪಕ್ಕದಲ್ಲೊಂದು ನಕ್ಷೆ,
ಗಂಟಿಗೆ ಎರಡು ಸೆಕೆಂಡು, ಗುಂಡಿಗೆ ಐದು.
ನಕ್ಷೆಯ ಬಣ್ಣಗಳನ್ನು ನಾನು ಮೂರು ದಿನ ಆರಿಸಿದ್ದೆ.

ಅತ್ತೆ ಹಲ್ಲಿನಲ್ಲಿ ಎಳೆಯೊಂದನ್ನು ಕಡಿದು
ಕೊನೆಯ ಸಾಲಿಗೆ ಬೆರಳು ತಂದಳು:
“ನಮ್ಮನ್ನು ಕೇಳುವುದು ಏನಾದರೂ ಇದೆಯೆ?”

ಅದಕ್ಕೂ ಉತ್ತರ ಸಿದ್ಧವಿತ್ತು,
ತಂಡದ ರೀತಿನೀತಿ, ಮೊದಲ ತೊಂಬತ್ತು ದಿನ, ಏನೇನೋ.
ಅಷ್ಟರಲ್ಲಿ ಕರೆಂಟು ಹೋಯಿತು.
ನಿಲ್ಲುತ್ತಿರುವ ಫ್ಯಾನಿನ ಕೆಳಗೆ, ಒಂದೂ ನೆನಪಾಗದೆ,
“ಅತ್ತೆ, ಆ ಗಂಟು ಯಾಕ ಹಾಕ್ತಿ?” ಅಂದುಬಿಟ್ಟೆ.

“ಎಣಸಾಕ ಅಂತ ತಿಳದೀಯೇನು?
ಎಣಿಕಿ ತಲ್ಯಾಗ ಇರತೈತಿ.
ಶನಿವಾರ ಯರಿಸ್ವಾಮಿ
ಸಾವಿರದ ಎಂಟುನೂರಕ್ಕ ಸಾವಿರದ ಆರುನೂರು ಅಂತಾನ.
ಆವಾಗ ದಾರ ತಗದು ಅವನ ಮುಂದ ಇಡತೀನಿ.
ನಿನ್ನ ಹಸರು ಗುಂಡಿ ಅಂವನೂ ಒತ್ತಬಲ್ಲ, ಅಂವನ ಅಳಸಬಲ್ಲ.
ಗಂಟು ಬಿಚ್ಚಾಕ ಅಂವಗ ಉಗುರಿಲ್ಲ.”

ಎರಡು ವರ್ಷ ನಾವು ಒಂದೇ ಅಂಗಳದಲ್ಲಿ ನೀರು ಹಿಡಿದಿದ್ದೇವೆ.

ಕರೆಂಟು ಬಂದಾಗ ಒಂದು ಗಂಟೆ ದಾಟಿತ್ತು.
ಸೆಕೆಂಡುಗಳನ್ನು ಅಳಿಸಿದೆ, ನಕ್ಷೆ ಅಳಿಸಿದೆ.
ಕಲಿತ ಪಾಠ ಎಂಬ ಎರಡು ಪದ ಉಳಿದು
ಕೆಳಗೆ ಕರ್ಸರು ಮಿಟುಕುತ್ತಿತ್ತು.

ಅತ್ತೆ ಹಾಳೆ ಮಡಿಚಿ ನನ್ನ ಕೈಗಿಟ್ಟಳು.
“ಕೆಲಸ ಕೊಟ್ಟೀವಿ ಅನ್ನಲೇನು,
ಇಲ್ಲಾ ಆಮ್ಯಾಲ ತಿಳಸ್ತೀವಿ ಅನ್ನಲೇನು?”
“ಆಮ್ಯಾಲ ಅನ್ನು,” ಅಂದೆ.
ಅವಳ ಪಕ್ಕ ಇನ್ನೂ ಮೂವತ್ತು ಪ್ಯಾಂಟು ಇದ್ದವು.